ಆರಿಸಿ ಎದ್ದ ಪ್ರೇಮನಾಥ

ಎಂಬತ್ತೇಳನೆಯ ಇಸವಿ. ಹಿಂದಿನ ದಿನವಷ್ಟೇ ಗಣಪತಿ ನೀರಿಗೆ ಹೋಗಿದ್ದ. ಮಳೆ ಮಾತ್ರ ಹೋಗಲೋ ಬೇಡವೋ ಎಂದು ಚಪ್ಪಲಿ ಮೆಟ್ಟಿಕೊಂಡ ನೆಂಟನ ಹಾಗೆ ಬಾಗಿಲಲ್ಲೇ ನಿಂತಿತ್ತು. ಮಂಗಳವಾರ ಬೆಳಿಗ್ಗೆ ಹತ್ತೂವರೆ, ಮುಂಬಯಿ ಹೊರಗಿನ ತುರ್ಭೆಯ ಕಾರ್ಖಾನೆಗಳಿಗೆ ಚಹಾ ಬರುವ ಹೊತ್ತು. ಭಾನುಶಾಲಿ ಶೇಠರ ಕಾರ್ಖಾನೆಯ ಎ.ಸಿ. ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ಪ್ರೇಮನಾಥ ಬರಿಗಾಲಲ್ಲಿ ಕೂತಿದ್ದ. ಹೊರಗಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಪ್ರೇಮನಾಥ ಎದ್ದ. ಎದ್ದದ್ದು ತಪ್ಪಲ್ಲ. ಏಳುವ ಮೊದಲು ಅವನು ಎರಡು ಗುಂಡಿ ಒಟ್ಟಿಗೆ ಒತ್ತಿದ. ಆಮೇಲೆ ಠಾಣೆ–ಬೇಲಾಪುರ ರಸ್ತೆಯಲ್ಲಿ ಬಸ್ಸುಗಳು ನಿಂತದ್ದು, ಸರಕಾರದ ಜೀಪು ಬಂದದ್ದು, ಒಬ್ಬ ದೇವಿ ಪ್ರತ್ಯಕ್ಷಳಾಗಿ ಮುನಿಸಿಕೊಂಡದ್ದು, ಎಲ್ಲದಕ್ಕೂ ಮೂಲ ಆ ಎರಡು ಗುಂಡಿ.

ಗುಂಡಿ ಒತ್ತಿ ಏಳುವ ಬುದ್ಧಿ ಅವನಿಗೆ ಬಂದದ್ದು ಒಲೆಯಿಂದ. ಉಡುಪಿಯ ಕಡೆಯಿಂದ ಬಂದವನು ಠಾಣೆಯಲ್ಲಿ ಸೋದರಮಾವನ ಹೋಟೆಲಿನ ದೋಸೆಕಲ್ಲಿನ ಮುಂದೆ ನಿಂತು ಮೀಸೆ ಬೆಳೆಸಿದವನು. ಅಲ್ಲಿ ಇದ್ದದ್ದು ಎರಡೇ ಕಾನೂನು. ಯಾರು ಕರೆದರೂ ಮೊದಲನೆಯ ಕರೆಗೇ ಓಗೊಡಬೇಕು. ಗಿರಾಕಿ ಎರಡನೆಯ ಸಲ ಕೂಗಿದರೆ ಅದು ಹೋಟೆಲಿಗೆ ಅವಮಾನ. ಮತ್ತೆ, ಒಲೆ ಬಿಟ್ಟು ಏಳುವವನು ಒಲೆ ಆರಿಸಿಯೇ ಏಳಬೇಕು. ಒಮ್ಮೆ ಆರಿಸದೆ ಎದ್ದು ಹೋಗಿ ಹೋಟೆಲಿನ ಬೋರ್ಡಿನಲ್ಲಿ ಅರ್ಧ ಸುಟ್ಟಿದ್ದ. ಮಾವ ಬಿಸಿ ಸೌಟಿನಲ್ಲಿ ಬೆನ್ನಿನ ಮೇಲೆ ಕಲಿಸಿದ ಆ ಪಾಠ, ಮಾವ ತೀರಿಹೋದರೂ, ಮಾವನ ಮಗಳು ಹರಿಣಾಕ್ಷಿ ಅವನಿಗೆ ಹೆಂಡತಿಯಾಗಿ ಬಂದರೂ, ಮರೆತುಹೋಗಲಿಲ್ಲ. ಡೊಂಬಿವಲಿಯ ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಹೆಂಡತಿಯ ಕುಕ್ಕರ್ ಆರಿಸಿ, ಆಮೇಲೆ ಹೋಗಿ ಬಾಗಿಲು ತೆಗೆಯುತ್ತಿದ್ದ. ಹಾಗಾಗಿ ಆ ಮನೆಯಲ್ಲಿ ಬೇಳೆ ಪೂರ್ತಿ ಬೆಂದದ್ದನ್ನು ಕಂಡವರು ಕಡಿಮೆ.

ಶೇಠರ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ತಿನ್ನುವ ಬಣ್ಣ. ಲಾಡು, ಜಿಲೇಬಿ, ಶಿರಾ ಇವಕ್ಕೆಲ್ಲ ಹಾಕುವ ಹಳದಿ. ಯಾವ ಊರಿನ ಹಲವಾಯಿಗೆ ಎಷ್ಟು ಗಾಢ ಬೇಕು, ಎಷ್ಟು ನೀರು ಬಿಟ್ಟರೆ ಆ ಗಾಢ ಬರುತ್ತದೆ ಎಂಬುದು ಒಬ್ಬ ಮುದುಕ ಉಸ್ತಾದನ ತಲೆಯಲ್ಲಿತ್ತು. ಅವನು ಕೆಲಸ ಬಿಟ್ಟು ಕಚ್ಛ್‌ಗೆ ಹೊರಡುವ ಮೊದಲು ಅವನ ತಲೆಯಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಲು ಶೇಠ್ ಮೈಸೂರಿನ ಕಡೆಯ ವಸಂತಕುಮಾರ ಎಂಬ ಇಂಜಿನಿಯರನನ್ನು ತಂದರು. ವಸಂತಕುಮಾರ ಇಳಿಸಿದ್ದು ಲಿಸ್ಪ್ ಎಂಬ ಭಾಷೆಯಲ್ಲಿ. ಪರದೆ ತುಂಬ ಕಂಸಗಳು. ಬಳೆಗಾರನ ಪೆಟ್ಟಿಗೆ ಕೈಜಾರಿ ಬಿದ್ದ ಹಾಗೆ. ಯಾವ ಬಣ್ಣ ಬೇಕೆಂದು ಅದು ಕೇಳುತ್ತಿತ್ತು. ಹೇಳಿದರೆ ಹಿತ್ತಲಿನ ಶೆಡ್ಡಿನಲ್ಲಿರುವ, ಬಣ್ಣ ಕಲಸುವ ದೊಡ್ಡ ಟಾಕಿಯ ನೀರಿನ ವಾಲ್ವನ್ನು ತಾನೇ ತೆರೆಯುತ್ತಿತ್ತು, ಸಾಕಾದಾಗ ತಾನೇ ಮುಚ್ಚುತ್ತಿತ್ತು. ಉತ್ತರ ಹೇಳಲು ಒಬ್ಬ ಮನುಷ್ಯ ಬೇಕಾಗಿತ್ತು. ಕಾರ್ಖಾನೆಯಲ್ಲಿ ಚಹಾ ಹಂಚುತ್ತಿದ್ದ ಪ್ರೇಮನಾಥನ ಕೈ ಶುದ್ಧ, ಮಾತು ವಿನಯ. ಅವನನ್ನೇ ಕೂರಿಸಿದರು.

"ದಸರಾಕ್ಕೆ ಪರ್ಮನೆಂಟ್ ಮಾಡ್ತೇನೆ" ಎಂದಿದ್ದರು ಶೇಠ್. ಶೇಠ್ ಮಾತಾಡುವುದು, ಬಯ್ಯುವುದು ಎಲ್ಲ ಹಿಂದಿಯಲ್ಲಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ, ಮೂಲದ ಖಾರ ಬಂದಿಲ್ಲ. ಅಷ್ಟು ವರ್ಷ ಟೆಂಪರರಿಯಾಗಿದ್ದ ಪ್ರೇಮನಾಥ ದಸರಾದವರೆಗೆ ಕಾಯಲಾರದೆ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಆಗಲೇ ಹೇಳಿಬಿಟ್ಟಿದ್ದ: ತಾನು ಪರ್ಮನೆಂಟ್, ಕಂಪ್ಯೂಟರ್ ಆಫೀಸರ್, ಒಳಗೆ ಹೋಗಬೇಕಾದರೆ ಶೇಠರೂ ಚಪ್ಪಲಿ ಕಳಚಬೇಕು. ಕೆಳಗಿನ ಮನೆಯ ದ್ರೌಪದಿಬಾಯಿ ಅಂದಿನಿಂದ ತನ್ನ ಟಿ.ವಿ. ಗುಳ್ಳೆಗುಳ್ಳೆಯಾದಾಗಲೆಲ್ಲ "ಆಫೀಸರ್‌ಸಾಹೇಬ್" ಎಂದು ಕೂಗುತ್ತಿದ್ದಳು. ಅವನು ಹೋಗುತ್ತಿದ್ದ, ಟಿ.ವಿ. ಆರಿಸುತ್ತಿದ್ದ, ಬರುತ್ತಿದ್ದ.

ಕಂಪ್ಯೂಟರನ್ನು ಆರಿಸುವುದು ಹೇಗೆಂದು ಅವನಿಗೆ ವಸಂತಕುಮಾರನೇ ಒಮ್ಮೆ ತೋರಿಸಿದ್ದ, ಯಾವುದೋ ಮಾತಿನ ಮಧ್ಯೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ನಡೆಯುತ್ತಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪ್ರೇಮನಾಥನಿಗೆ ಅಷ್ಟು ಸಾಕಾಯಿತು. ಪ್ರತಿ ಮಂಗಳವಾರ ಶೇಠ್ ಮುಂಬಯಿಯ ಪೇಟೆಗೆ ಹೋಗಿ, ಅಲ್ಲಿಂದ ಹತ್ತೂವರೆಗೆ ಫೋನ್ ಮಾಡಿ, ಎಷ್ಟು ಡಬ್ಬಿ ತಯಾರಿದೆ ಎಂದು ಕೇಳುವುದು ವಾಡಿಕೆ. ಪ್ರೇಮನಾಥ ಯಂತ್ರದ ಮುಂದೆ ಕೂತ ಮೇಲೆ ಇದು ಮೊದಲ ಮಂಗಳವಾರ. ಫೋನು ಹೊರಗೆ, ಯಂತ್ರ ಒಳಗೆ. ಕರೆದರೆ ಏಳು, ಎದ್ದರೆ ಆರಿಸು. ಅವನು ಆರಿಸಿ ಎದ್ದ, ಫೋನಿನಲ್ಲಿ ಬಯ್ಗುಳ ತಿಂದ, ಬಂದು ಕೆಲಸವನ್ನು ಮೊದಲಿನಿಂದ ಶುರುಮಾಡಿದ.

ಊಟದ ಹೊತ್ತಿಗೆ ಹಮಾಲಿ ಜಟ್ಟೆಪ್ಪ ಓಡುತ್ತಾ ಬಂದ. ಕಲಬುರ್ಗಿ ಕಡೆಯವನು, ಡಬ್ಬಿಗಳನ್ನು ಲಾರಿಗೆ ಏರಿಸುವ ಗುಂಪಿನ ಮುಖಂಡ. ಅವನ ಬಿಳಿ ಬನಿಯನ್ನು ಅಪ್ಪಟ ಹಳದಿಯಾಗಿತ್ತು, ಕಣ್ಣು ಬನಿಯನ್ನಿಗಿಂತ ಅಗಲವಾಗಿತ್ತು.

"ಸಾಹೇಬ್ರ, ಅವ್ವ ಬಂದಾಳ್ರೀ!"

"ಊರಿನಿಂದಲಾ? ಯಾವ ಗಾಡಿಗೆ ಬಂದದ್ದು?" ಎಂದ ಪ್ರೇಮನಾಥ.

"ನಮ್ಮವ್ವ ಅಲ್ರೀ, ಜಗದವ್ವ! ಕೇರಿ ಕೆಳಗ ಕರೀ ಕಲ್ಲೈತಲ್ಲ, ಅದರ ಬುಡದಾಗಿಂದ ಭಂಡಾರ ಹರದೈತಿ! ಸಾಬವ್ವ ಅರಿವಿ ಒಗ್ಯಾಕ ಕುಂತಿದ್ಳು. ಒಮ್ಮೆಲೆ ನೀರೆಲ್ಲ ಹಳದಿ. ಒಗದ ಅರಿವಿ ಹಳದಿ, ಕೈ ಹಳದಿ, ಎಮ್ಮಿ ಬಂದು ಕುಡೀತು, ಎಮ್ಮಿ ಮೂತಿ ಹಳದಿ!"

ಕಾರ್ಖಾನೆಯ ಹಿಂದಿನ ಇಳಿಜಾರಿನಲ್ಲಿ ಕೂಲಿಕಾರರ ಕೇರಿ. ಭಂಡಾರವೆಂದರೆ ಅವರ ಊರಿನ ದೇವಿಯ ಅರಿಶಿನ. ಹಣೆಗೆ ಬಿದ್ದರೆ ಪುಣ್ಯ, ನೆಲಕ್ಕೆ ಬಿದ್ದರೆ ಪಾಪ. ಅದು ಕಲ್ಲಿನ ಬುಡದಿಂದ ತಾನಾಗಿ ಹರಿದು ಬಂದರೆ, ಅದೂ ಮಂಗಳವಾರ, ಅವ್ವನ ವಾರ, ಇನ್ನೇನು ತಿಳಿಯಬೇಕು? ಜಟ್ಟೆಪ್ಪ ಚೊಂಬಿನಲ್ಲಿ ತಂದಿದ್ದ ನೀರನ್ನು ಮುಂದೆ ಹಿಡಿದ. ಪ್ರೇಮನಾಥನ ಮೈ ಜುಮ್ಮೆಂದಿತು. ಕಣ್ಣು ಮುಚ್ಚಿ, ಬೆರಳದ್ದಿ, ಹಣೆಗೆ ಉದ್ದಕ್ಕೆ ಹಚ್ಚಿಕೊಂಡ. ಹೊಟ್ಟೆಗೂ ಒಂದು ಗುಟುಕು ಇಳಿಸಿದ. ಬಣ್ಣದ ಕಾರ್ಖಾನೆಯಲ್ಲಿ ಇಷ್ಟು ವರ್ಷ ದುಡಿದವನು ತನ್ನ ಬಣ್ಣವನ್ನು ತಾನೇ ತೀರ್ಥವೆಂದು ಕುಡಿದ. ಆದರೆ ಪಾಪ, ಅವನು ಕಂಡದ್ದು ಪರದೆಯನ್ನು; ಟಾಕಿಯನ್ನು ಅವನೆಂದೂ ನೋಡಿರಲಿಲ್ಲ.

ನಡೆದದ್ದು ಹೀಗೆ. ವಾಲ್ವು ತೆರೆದಿದ್ದಾಗ ಪ್ರೋಗ್ರಾಮನ್ನು ನಿಲ್ಲಿಸಿದ್ದರಿಂದ, ಮುಚ್ಚಬೇಕಾದವನೇ ಇಲ್ಲದೆ ವಾಲ್ವು ತೆರೆದೇ ಉಳಿಯಿತು. ಟಾಕಿ ತುಂಬಿ ಹಳದಿ ನೀರು ಉಕ್ಕಿತು. ಶೆಡ್ಡಿನವರೆಲ್ಲ ಗೇಟಿನ ಹತ್ತಿರ ಚಹಾಕ್ಕೆ ಹೋಗಿದ್ದರು. ಅಲ್ಲಿ ಹಿಂದೆ ಒಂದು ಸಾಬೂನಿನ ಕಾರ್ಖಾನೆಯಿತ್ತು; ಅದರ ಹಳೆಯ ಪೈಪೊಂದು ನೆಲದಡಿಯಲ್ಲಿ ಉಳಿದಿದೆಯೆಂದು ಯಾರಿಗೂ ನೆನಪಿರಲಿಲ್ಲ. ಉಕ್ಕಿದ ನೀರು ಆ ಪೈಪು ಹಿಡಿದು ಇಳಿಜಾರಿನ ಕಲ್ಲಿನ ಬುಡದಲ್ಲಿ ಹೊರಬಿತ್ತು. ಪ್ರೇಮನಾಥ ಬಂದು ಮತ್ತೆ ಮೊದಲಿನಿಂದ ಶುರುಮಾಡಿದಾಗ, ಈ ಸಲ ಪ್ರೋಗ್ರಾಮು ಕೊನೆ ಮುಟ್ಟಿ ವಾಲ್ವು ಮುಚ್ಚಿತು. ಮೇಲೆ ಕೂತವನಿಗೆ ಅವ್ವ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಮುಂದಿನ ಮಂಗಳವಾರ ಹತ್ತೂವರೆಗೆ ಕಲ್ಲಿನ ಸುತ್ತ ಜನ ಕಾದು ನಿಂತಿತು. ಕಳಂಬೋಲಿಯಿಂದ ಕಬ್ಬಿಣ ಹೊರುವವರು ಬಾರಿಸಲು ಹಲಗಿ ತಂದಿದ್ದರು. ಪಕ್ಷಮಾಸದಲ್ಲಿ ದೇವಿ ಬರುವುದುಂಟೆ ಎಂದು ಒಬ್ಬ ಅನುಮಾನಿಸಿದ್ದಕ್ಕೆ ಸಾಬವ್ವ, "ಅವ್ವಗ ಪಂಚಾಂಗ ನೀ ಹೇಳ್ತೀ ಏನೋ?" ಎಂದು ಅವನನ್ನು ಹಿಂದಕ್ಕೆ ಕಳಿಸಿದಳು. ಸಾಬವ್ವನ ಹಳದಿ ಕೈ ಇನ್ನೂ ತೊಳೆದು ಹೋಗಿರಲಿಲ್ಲ. ಹಾಗಾಗಿ ಪೂಜಾರಿಕೆ ಚರ್ಚೆಯಿಲ್ಲದೆ ಅವಳದ್ದಾಗಿತ್ತು. ಅಂದು ಡೊಂಬಿವಲಿಯಿಂದ ಹರಿಣಾಕ್ಷಿಯೂ, ಠಾಣೆಯಿಂದ ಅವಳ ತಮ್ಮ ಕುಶಲನೂ ದರ್ಶನಕ್ಕೆ ಬಂದಿದ್ದರು. ತಂದೆಯ ಹೋಟೆಲನ್ನು ಈಗ ನಡೆಸುವವನು ಕುಶಲ.

ಹತ್ತೂವರೆಗೆ ಮೇಲೆ ಫೋನು ಬಡಿದುಕೊಂಡಿತು. ಪ್ರೇಮನಾಥ ಆರಿಸಿ ಎದ್ದ. ಕೆಳಗೆ ಅವ್ವ ಬಂದಳು.

ಆ ಸಂಜೆ ಮನೆಯಲ್ಲಿ ಹರಿಣಾಕ್ಷಿ ಬಾಟಲಿಯಲ್ಲಿ ತಂದ ತೀರ್ಥವನ್ನು ಅನ್ನಕ್ಕೆ ಬೆರೆಸಿ ನೈವೇದ್ಯ ಮಾಡಿದಳು. ಅನ್ನ ಬಂಗಾರದಂತೆ ಹೊಳೆಯಿತು. ಕುಶಲ ಅದನ್ನು ಬೆಳಕಿಗೆ ಹಿಡಿದು ನೋಡಿದ. ಮೂಸಿದ. ಬೆರಳಿನಲ್ಲಿ ತಿಕ್ಕಿದ.

"ಭಾವ, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇದು ದೇವರ ಬಣ್ಣ ಅಲ್ಲ. ಇದು ನಮ್ಮ ಹೋಟೆಲಿನ ಶಿರಾದ ಬಣ್ಣ."

"ಬಾಯಿ ಮುಚ್ಚು ನೀನು!" ಎಂದಳು ಅಕ್ಕ. "ದೇವಿಗೆ ಶಿರಾ ಅಂತ ಹೇಳುದಾ? ನಾಲಿಗೆ ಬಿದ್ದು ಹೋದೀತು."

"ಅಕ್ಕ, ದಿನಾ ಬೆಳಿಗ್ಗೆ ನಾನು ಕೈಯಾರೆ ಹಾಕುದು. ಕಣ್ಣು ಕಟ್ಟಿ ಹೇಳ್ತೇನೆ. ಇದು ಭಾವನ ಶೇಠನ ಡಬ್ಬಿಯೇ."

ಪ್ರೇಮನಾಥನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಹರಿಣಾಕ್ಷಿ ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು, ಕೊನೆಗೆ ದೇವರ ಪಟದ ಮುಖ ನೋಡಿ, "ದೇವೆರೆ, ಇವರು ಎಂತ ಮಾಡಿ ಇಟ್ಟಿದ್ದಾರೆ!" ಎಂದಳು. ಏನು ಮಾಡಿದ್ದಾರೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಮಾಡಿದ್ದು ಇವರೇ ಎಂಬುದರಲ್ಲಿ ಸಂಶಯವಿರಲಿಲ್ಲ. ಬೇಯದ ಬೇಳೆಯ ಅನುಭವ ಅಂಥದ್ದು.

ಮರುದಿನ ಎ.ಸಿ. ಕೋಣೆಯಲ್ಲಿ ವಸಂತಕುಮಾರ ತಲೆಗೆ ಕೈ ಹೊತ್ತು ಕೂತಿದ್ದ. ಬಣ್ಣ ಕಡಿಮೆ ಬೀಳುತ್ತಿದೆ, ಹಮಾಲಿಗಳು ಕದಿಯುತ್ತಾರೆ ಎಂದು ಶೇಠ್ ಕೂಗಾಡಿ ಹೋಗಿದ್ದರು. ಪ್ರೇಮನಾಥ ಚಪ್ಪಲಿ ಕಳಚಿ ಒಳಗೆ ಬಂದು, ಕೈಕಟ್ಟಿ ನಿಂತು, ಶಿರಾದ ಸಂಗತಿ ಹೇಳಿದ.

"ಒಂದ್ನಿಮಿಷ. ಫೋನ್ ಬಂದಾಗ ನೀವು ಏನ್ ಮಾಡ್ತೀರಿ?"

"ಏಳ್ತೇನೆ ಸರ್."

"ಏಳೋಕ್ ಮುಂಚೆ?"

"ಆರಿಸ್ತೇನೆ. ಕಂಟ್ರೋಲು, ಸಿ. ಒಲೆ ಹಾಗೇ ಬಿಟ್ಟು ಏಳುದು ಹೇಗೆ ಸರ್? ಅನಾಹುತ ಆದರೆ?"

ವಸಂತಕುಮಾರನ ಕನ್ನಡಕ ಮೂಗಿನ ತುದಿಗೆ ಬಂತು. ಅವನು ಓದಿದ ಕಾಲೇಜಿನಲ್ಲಿ, ಉಪಯೋಗಿಸುವವನು ಹೀಗೆ ಮರ್ಯಾದೆಗಾಗಿ ಪ್ರೋಗ್ರಾಮನ್ನು ಮಧ್ಯದಲ್ಲಿ ಕತ್ತರಿಸಿ ಏಳುತ್ತಾನೆ ಎಂದು ಯಾರೂ ಹೇಳಿರಲಿಲ್ಲ.

"ಅಯ್ಯೋ ಪ್ರೇಮನಾಥರೇ! ನೀವು ಆರಿಸ್ತಾ ಇರೋದು ಒಲೇನಲ್ಲ ಕಣ್ರೀ. ಅಡುಗೆಯವನನ್ನೇ ಕುತ್ತಿಗೆ ಹಿಡಿದು ಆಚೆ ಕಳಿಸ್ತಾ ಇದೀರಿ. ಒಲೆ ಅಲ್ಲಿ ಉರೀತಾನೇ ಇದೆ!"

ಮಾವನ ಬೋರ್ಡು ಪ್ರೇಮನಾಥನ ಕಣ್ಣ ಮುಂದೆ ಉರಿಯಿತು. "ಇನ್ನು ಒತ್ತುದಿಲ್ಲ ಸರ್. ಆಣೆ." ಆಣೆ ಹಾಕುವಾಗಲೇ ಹೊರಗೆ ಫೋನು ಬಡಿಯಿತು. ಅವನ ಬಲಗೈ, ಅವನನ್ನು ಕೇಳದೆ, ಹೋಗಿ ಎರಡು ಗುಂಡಿ ಒತ್ತಿ ಬಂತು.

ವಸಂತಕುಮಾರ ಆ ಕೈಯನ್ನು ಬಹಳ ಹೊತ್ತು ನೋಡಿದ. "ಇದನ್ನ ತಿದ್ದೋದಕ್ಕಿಂತ ಪ್ರೋಗ್ರಾಮ್ ತಿದ್ದೋದು ಸುಲಭ. ತಪ್ಪು ನಂದೇ. ಯಾರಾದ್ರೂ ಮಧ್ಯೆ ಎದ್ದು ಹೋಗ್ತಾರೆ ಅಂತ ನಾನು ಎಣಿಸಿರಲಿಲ್ಲ. ಲಿಸ್ಪ್‌ನಲ್ಲಿ ಅನ್‌ವೈಂಡ್-ಪ್ರೊಟೆಕ್ಟ್ ಅಂತ ಒಂದಿದೆ. ಕೆಲಸ ಮುಗಿದು ಹೊರಗೆ ಹೋಗಲಿ, ತಪ್ಪಾಗಿ ಹೋಗಲಿ, ಯಾರೋ ನಿಲ್ಲಿಸಿ ಹೋಗಲಿ, ಬಾಗಿಲು ದಾಟೋ ಮುಂಚೆ ವಾಲ್ವ್ ಮುಚ್ಚಿಯೇ ದಾಟಬೇಕು. ಆ ಕಟ್ಟು ಹಾಕ್ತೀನಿ. ದಸರಾವರೆಗೂ ನೀವು ಯಾರ ಹತ್ರಾನೂ ಬಾಯಿ ಬಿಡಬೇಡಿ. ಶೇಠ್‌ಗೆ ಗೊತ್ತಾದ್ರೆ ನಿಮ್ಮ ಪರ್ಮನೆಂಟು ನೀರು ಪಾಲು."

"ಹಳದಿ ನೀರು" ಎಂದು ಪ್ರೇಮನಾಥ ಸಣ್ಣದಾಗಿ ಹೇಳಿಕೊಂಡ.

ಮೂರನೆಯ ಮಂಗಳವಾರ ಮಹಾಲಯ ಅಮಾವಾಸ್ಯೆ. ಜನ ರಸ್ತೆಯವರೆಗೂ ನಿಂತಿತ್ತು. ಬಸ್ಸುಗಳು ಬೇಲಾಪುರದ ಕಡೆಗೂ ಇಲ್ಲ, ಠಾಣೆಯ ಕಡೆಗೂ ಇಲ್ಲ. ಕಂಡಕ್ಟರರು ಇಳಿದು ಬಂದು ತೀರ್ಥಕ್ಕೆ ಕೈಯೊಡ್ಡಿದರು. ಫೋನು ಬಡಿಯಿತು. ಪ್ರೇಮನಾಥ ಈಗ ಧೈರ್ಯದಿಂದಲೇ ಒತ್ತಿದ. ಯಂತ್ರ ಸುಮ್ಮನಿತ್ತು. ಎಂದಿನ ಹಾಗೆ 'ಬ್ರೇಕ್' ಎಂದು ಬರೆಯಲಿಲ್ಲ. ಅಷ್ಟು ದೊಡ್ಡ ವಾಲ್ವು, ಮೋಟಾರು ತಿರುಗಿ ಮುಚ್ಚಲು ಹೊತ್ತು ಹಿಡಿಯುತ್ತದೆ. ಯಂತ್ರ ಆ ಕೆಲಸದಲ್ಲಿತ್ತು. ಪ್ರೇಮನಾಥ ಹೋಟೆಲಿನವನು. ಮೊದಲ ಕರೆಗೆ ಓಗೊಡದವನನ್ನು ಕಂಡರೆ ಅವನಿಗಾಗದು. ಕೇಳಿಸಲಿಲ್ಲವೋ ಏನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಒತ್ತಿದ.

ಯಂತ್ರ ಮುಚ್ಚುವುದನ್ನು ಅರ್ಧಕ್ಕೇ ಬಿಟ್ಟು 'ಬ್ರೇಕ್' ಎಂದಿತು.

ಕಲ್ಲಿನ ಬುಡದಲ್ಲಿ ಅಂದು ಬಂದದ್ದು ನೂಲಿನಷ್ಟು ಹಳದಿ. ಹಲಗಿಯ ಸದ್ದು ನಿಂತಿತು. ಸಾಬವ್ವ ಎದೆ ಬಡಿದುಕೊಂಡಳು. "ಅವ್ವ ಮಾರಿ ತಿರುಗಿಸ್ಯಾಳ! ಯಾರೋ ಮೈಲಿಗಿ ಮಾಡೀರಿ!" ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಜನರ ಎದೆ ಒಟ್ಟಿಗೆ ಧಸಕ್ಕೆಂದದ್ದು ರಸ್ತೆಯ ಆಚೆಯ ಪಾನಿನ ಅಂಗಡಿಗೂ ಕೇಳಿಸಿತಂತೆ.

ಮೇಲೆ ವಸಂತಕುಮಾರ ಕೇಳಿದ: "ಎರಡು ಸಲ ಒತ್ತಿದ್ರಾ?"

"ಮೊದಲನೇ ಸಲ ಕರೆದದ್ದಕ್ಕೆ ಹ್ಞೂಂ ಅನ್ಲಿಲ್ಲ ಸರ್ ಅದು."

"ಕೈ ತೊಳೀತಾ ಇತ್ತು ಕಣ್ರೀ! ಕೈ ತೊಳೆಯೋನನ್ನ ರಟ್ಟೆ ಹಿಡಿದು ಎಳೆದಿರಲ್ರೀ!" ವಸಂತಕುಮಾರ ಕುರ್ಚಿಯಿಂದ ಎದ್ದು, ಕೂತು, ಮತ್ತೆ ಎದ್ದ. "ಸರಿ. ಮುಚ್ಚೋ ಹೊತ್ತಿಗೆ ಒಳಗಿಂದ ಚಿಲಕ ಹಾಕ್ತೀನಿ. ವಿದೌಟ್-ಇಂಟರಪ್ಟ್ಸ್. ಆಗ ನೀವು ಒತ್ತಿ, ನಿಮ್ಮ ಮನೆಯವರು ಒತ್ತಲಿ, ಇಡೀ ಡೊಂಬಿವಲಿ ಬಂದು ಒತ್ತಲಿ, ಕರೆದದ್ದನ್ನ ಜೇಬಿಗೆ ಹಾಕ್ಕೊಳ್ಳತ್ತೆ. ವಾಲ್ವ್ ಪೂರ್ತಿ ಮುಚ್ಚಿದ ಮೇಲೇ ಹ್ಞೂಂ ಅನ್ನತ್ತೆ."

"ಅಷ್ಟು ಹೊತ್ತು ಕಾಯಿಸಿದರೆ ಕರೆದವರಿಗೆ ಬೇಸರ ಆಗುದಿಲ್ವಾ ಸರ್?"

ವಸಂತಕುಮಾರನ ಬಾಯಲ್ಲಿ ಆಗ ಬಂದ ಮಾತನ್ನು ಅವನೇ ಜೇಬಿಗೆ ಹಾಕಿಕೊಂಡ.

ರಸ್ತೆ ಕಟ್ಟಿದ ಸುದ್ದಿ ಸರಕಾರಕ್ಕೆ ಮುಟ್ಟಿತು. ನಾಲ್ಕನೆಯ ಮಂಗಳವಾರ, ನವರಾತ್ರಿಯ ನಡುವೆ, ನೀರಿನ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದಿಳಿದರು. ಶೇಠ್ ಅಂದು ಪೇಟೆಗೆ ಹೋಗದೆ, ಬೆವರೊರೆಸಿಕೊಳ್ಳುತ್ತ ಅವರ ಹಿಂದೆ ನಿಂತಿದ್ದರು. ಕಾರ್ಖಾನೆಯ ನೀರು ಕೇರಿಗೆ ಹೋಗುತ್ತಿದ್ದರೆ ಬಾಗಿಲಿಗೆ ಬೀಗ ಎಂದರು ಸಾಹೇಬರು. ಬಣ್ಣದ ಕಾರ್ಖಾನೆಯ ಪಕ್ಕದಲ್ಲಿ ಬಣ್ಣದ ನೀರು ಬಂದರೆ ಕಾರಣ ಕಾರ್ಖಾನೆಯೇ ಇರಬಹುದು ಎಂಬ ವಿಚಾರ ಹೊಳೆದದ್ದು ಕುಶಲನನ್ನು ಬಿಟ್ಟರೆ ಅವರೊಬ್ಬರಿಗೇ. ಇಬ್ಬರು ಸಿಪಾಯಿಗಳು ಕಲ್ಲಿನ ಹತ್ತಿರ ಬಾಟಲಿ ಹಿಡಿದು ನಿಂತರು. ಸಾಹೇಬರು, ಶೇಠ್, ವಸಂತಕುಮಾರ ಬರಿಗಾಲಲ್ಲಿ ಎ.ಸಿ. ಕೋಣೆಯಲ್ಲಿ ನಿಂತರು. ಪ್ರೇಮನಾಥ ಯಂತ್ರದ ಪ್ರಶ್ನೆಗಳಿಗೆ ಉತ್ತರ ಕೊಟ್ಟ. ವಾಲ್ವು ತೆರೆಯಿತು.

ಹತ್ತೂವರೆ. ಪೇಟೆಯಿಂದ ಶೇಠರ ತಮ್ಮನ ಫೋನು. ಅದೇ ಹೊತ್ತಿಗೆ ಕಿಟಕಿಯ ಹೊರಗಿನಿಂದ, ಅಂದೂ ಕೇರಿಗೆ ಬಂದಿದ್ದ ಹರಿಣಾಕ್ಷಿ, "ಇವರೇ, ಒಮ್ಮೆ ಬನ್ನಿ!" ಎಂದಳು. ಶೇಠ್ "ಫೋನ್ ಎತ್ತೋ!" ಎಂದರು. ಗೇಟಿನಲ್ಲಿ ಜಟ್ಟೆಪ್ಪ "ಸಾಹೇಬ್ರ!" ಎಂದು ಅರಚಿದ. ಒಬ್ಬ ಮನುಷ್ಯನನ್ನು ನಾಲ್ಕು ದಿಕ್ಕಿನಿಂದ ಕರೆದರೆ ಅವನೇನು ಮಾಡಿಯಾನು? ಪ್ರೇಮನಾಥ ಒತ್ತಿದ. ಮತ್ತೆ ಒತ್ತಿದ. ಹಾರ್ಮೋನಿಯಂ ನುಡಿಸಿದ ಹಾಗೆ ಒತ್ತಿದ. "ಏನು ಮಾಡ್ತಿದ್ದಾನೆ ಇವನು? ನಿಲ್ಲೋದಿಲ್ಲವೇ ಇದು?" ಎಂದು ಗಾಬರಿಬಿದ್ದ ಸಾಹೇಬರು ತಾವೂ ಬಗ್ಗಿ ಒತ್ತಿದರು. ಯಂತ್ರ ಸರಕಾರಕ್ಕೂ ಜಗ್ಗಲಿಲ್ಲ. ಹಿತ್ತಲಿನಲ್ಲಿ ಮೋಟಾರು ಗುಯ್ಯೆಂದು ತಿರುಗಿ, ವಾಲ್ವು ಪೂರ್ತಿ ಮುಚ್ಚಿ, ಟಪ್ಪೆಂದಿತು. ಆಮೇಲೆ ಪರದೆಯ ಮೇಲೆ ನಿಧಾನವಾಗಿ ಬಂತು: 'ಬ್ರೇಕ್'.

ಸಿಪಾಯಿಗಳು ಖಾಲಿ ಬಾಟಲಿ ತಂದರು. ಕಲ್ಲು ಒಣಗಿತ್ತು. ಸಾಹೇಬರು ತಮ್ಮ ಬೆರಳನ್ನೇ ಬೆರಗಿನಿಂದ ನೋಡಿಕೊಳ್ಳುತ್ತ "ಇಲ್ಲೇನೂ ಇಲ್ಲ" ಎಂದರು. ಶೇಠ್ ಪ್ರೇಮನಾಥನ ಬೆನ್ನು ತಟ್ಟಿದರು. "ಶುಕ್ರವಾರ ದಸರಾ. ಅಂದಿನಿಂದ ನೀನು ಪರ್ಮನೆಂಟ್!"

ಆ ಮಾತು ಮುಗಿಯುವ ಮೊದಲೇ ಕೇರಿಯ ಕಡೆಯಿಂದ ಸಾಬವ್ವನ ಕೂಗು ಬಂತು. ಹಿಂದೆಯೇ ಜನ ಎ.ಸಿ. ಕೋಣೆಯ ಬಾಗಿಲಿಗೇ ಬಂತು. ಎಲ್ಲರ ಮುಂದೆ, ರಟ್ಟೆ ಹಿಡಿಸಿಕೊಂಡು, ಜಟ್ಟೆಪ್ಪ.

"ಅವ್ವ ಹೋಗಿಬಿಟ್ಳು! ಈ ಭಾಡ್ಯಾ ಹೋದ ವಾರ ಬಸ್ಸಿನವನ ಕೂಡ ಜಗಳಾಡಾಕ ಕೆರ ಮೆಟಗೊಂಡು ಕಲ್ಲು ದಾಟ್ಯಾನ. ಇವನ ಮೈಲಿಗೀಗೇ ಅವ್ವ ಹೋಗ್ಯಾಳ. ಇವತ್ತ ಇವ ಕೇರಿ ಬಿಡಬೇಕು!"

"ದಾಟಿಲ್ರೀ, ಬಾಜೂಕ ಹಾಯ್ದೀನಿ" ಎಂದ ಜಟ್ಟೆಪ್ಪ. ಅವನ ಮುಖ ನೋಡುವ ಹಾಗಿರಲಿಲ್ಲ. ಹೆಂಡತಿ ಆಗಲೇ ಪಾತ್ರೆಗಳನ್ನು ಗಂಟುಕಟ್ಟಿ ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. "ಸಾಹೇಬ್ರ, ನೀವರೇ ಒಂದು ಮಾತು ಹೇಳ್ರಿ."

ಪ್ರೇಮನಾಥ ಶೇಠರ ಕೈ ಇನ್ನೂ ತನ್ನ ಬೆನ್ನಿನ ಮೇಲಿರುವುದನ್ನು ಬಲ್ಲ. ಪರ್ಮನೆಂಟ್ ಎಂಬ ಮಾತು ಇನ್ನೂ ಕಿವಿಯಲ್ಲಿ ಬಿಸಿಯಾಗಿತ್ತು. ವಸಂತಕುಮಾರ ಹಿಂದಿನಿಂದ ಅಂಗಿ ಜಗ್ಗಿದ. ಆದರೆ ಕರೆದವರಿಗೆ ಓಗೊಡದೆ ಇರುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ.

"ಜಟ್ಟೆಪ್ಪ ಅಲ್ಲ. ನಾನು" ಎಂದ. "ನಾನು ಒತ್ತುತ್ತಾ ಇದ್ದೆ, ನೀರು ಬರ್ತಾ ಇತ್ತು. ಅದು ನಮ್ಮ ಟಾಕಿಯ ಬಣ್ಣ. ಜಿಲೇಬಿಗೆ ಹಾಕುದು. ಇವತ್ತು ಸರ್ ಚಿಲಕ ಹಾಕಿದರು, ನಿಂತಿತು."

ಒಂದು ಗಳಿಗೆ ಹಲಗಿಯವನ ಕೋಲೂ ಗಾಳಿಯಲ್ಲೇ ನಿಂತಿತು. ಶೇಠರ ಕೈ ಬೆನ್ನಿನಿಂದ ಜಾರಿತು. ಸಾಹೇಬರ ಬಾಯಿ ತೆರೆಯಿತು. ಕಿಟಕಿಯಾಚೆ ಹರಿಣಾಕ್ಷಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಆಮೇಲೆ ಸಾಬವ್ವ ಮುಂದೆ ಬಂದು ಪ್ರೇಮನಾಥನ ಬಲಗೈ ಹಿಡಿದುಕೊಂಡು ತಿರುಗಿಸಿ ನೋಡಿದಳು.

"ಈ ಕೈಯಾಗ ಅವ್ವ ಇದ್ದಳೇನ ಯಪ್ಪಾ?"

"ಇಲ್ಲ ಅವ್ವಾ, ನಾನು ಹೇಳಿದ್ದು..."

"ಮತ್ತ ಒತ್ತು!"

"ಒತ್ರಿ ಸಾಹೇಬ್ರ!" ಎಂದಿತು ಜನ, ಒಂದೇ ದನಿಯಲ್ಲಿ. ನಿಜ ಹೇಳಿದವನಿಗೆ ಬೈಗುಳ ಬರಬಹುದು, ಪೆಟ್ಟು ಬರಬಹುದು. ಪೂಜಾರಿಕೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಶೇಠರ ಕಣ್ಣೆದುರೇ ಪ್ರೇಮನಾಥ ಮತ್ತೆ ಯಂತ್ರದ ಮುಂದೆ ಕೂತು, ಶುರುಮಾಡಿ ಒತ್ತಿದ. ಮೋಟಾರು ಗುಯ್ಯೆಂದಿತು. ವಾಲ್ವು ಮುಚ್ಚಿತು. ಕಲ್ಲಿನ ಬುಡದಲ್ಲಿ ಒಂದು ಇರುವೆ ಮಾತ್ರ ಹೊರಗೆ ಬಂತು.

"ಮುಗೀತು" ಎಂದಳು ಸಾಬವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ವ ಹೊಂಟ ನಿಂತಾಳ. ಯಾರ ತಪ್ಪೂ ಅಲ್ಲ. ಜಟ್ಟೆಪ್ಪನ್ನ ಬಿಡ್ರೋ. ಆದರ ಹೊಂಟವರನ್ನ ಹಂಗ ಕಳಸಬಾರದು. ಕಲ್ಲು ತೊಳದು, ಹೂ ತಗದು, ನೆಲ ಸಾರಿಸಿ, ಸಮುದ್ರದ ಖಾಡಿ ತನಕ ಸಾಗಹಾಕಿ ಬರಬೇಕು. ಕೊಡ ಈ ಯಪ್ಪನ ತಲೀ ಮ್ಯಾಲ. ಕೇಳ್ರಿ ಎಲ್ಲಾರೂ: ಕೊಡ ಹೊತ್ತಾವ ನೀರಿಗೆ ಬಿಡೂ ತನಕ ಯಾರು ಕರದ್ರೂ ಓ ಅನ್ನಬಾರದು, ತಿರುಗಿ ನೋಡಬಾರದು. ಅನ್ನೂದಿದ್ರ ತಿರುಗಿ ಬಂದು ಕಾಲು ತೊಳಕೊಂಡ ಮ್ಯಾಲ ಅ‌ನ್ನಬೇಕು."

ವಸಂತಕುಮಾರ ಕನ್ನಡಕ ತೆಗೆದು ಒರೆಸಿಕೊಂಡ. ತಾನು ವಾರವಿಡೀ ಕೂತು ಕಂಸಗಳಲ್ಲಿ ಬರೆದದ್ದೂ ಇದೇ ಅಲ್ಲವೇ ಎಂಬ ಮುಖ.

ಕಲ್ಲು ತೊಳೆದರು. ತೆಂಗಿನ ಚಿಪ್ಪು, ಬಾಡಿದ ಹೂವು, ಅರ್ಧ ಸುಟ್ಟ ಊದುಬತ್ತಿ ಎಲ್ಲ ಬಾಚಿದರು. ಸೆಗಣಿಯಲ್ಲಿ ಸಾರಿಸಿದರು. ತಲೆಯ ಮೇಲೆ ಕೊಡ, ಬೇವಿನ ಸೊಪ್ಪು, ಹಿಂದೆ ಹಲಗಿ; ಪ್ರೇಮನಾಥ ಹೊರಟ. ಗೇಟು ದಾಟುವಾಗ ಶೇಠ್ ಎಚ್ಚೆತ್ತುಕೊಂಡರು.

"ಪ್ರೇಮ್‌ನಾಥ್! ಇಲ್ಲಿ ಬಾ! ಈಗಲೇ ಬಾ!"

ಜನ ಉಸಿರು ಹಿಡಿದು ನೋಡಿತು. ಹರಿಣಾಕ್ಷಿಯೂ ನೋಡಿದಳು; ಮದುವೆಯಾದಂದಿನಿಂದ ಈ ಮನುಷ್ಯ ಎರಡನೆಯ ಕರೆಗಾಗಿ ಕಾದದ್ದನ್ನು ಅವಳು ಕಂಡಿರಲಿಲ್ಲ. ಬಲಗೈ ಒಮ್ಮೆ ಜಗ್ಗಿತು, ಗುಂಡಿ ಹುಡುಕಿತು, ಕೊಡದ ಅಂಚನ್ನು ಹಿಡಿದು ನಿಂತಿತು. ಶೇಠ್ ಎರಡನೆಯ ಸಲ ಕರೆದರು. ಮೂರನೆಯ ಸಲ ಕರೆದದ್ದಕ್ಕೆ ದನಿ ಒಡೆಯಿತು. ಪ್ರೇಮನಾಥ ಖಾಡಿಯ ದಾರಿ ಹಿಡಿದು ನಡೆದ. ಅವನ ಹಿಂದೆ ಇಡೀ ಜನ. ಅಂದೂ ಕಟ್ಟಿಹೋಗಿದ್ದ ರಸ್ತೆಯಲ್ಲಿ ಒಂದೊಂದಾಗಿ ಬಸ್ಸುಗಳು ಹೊರಟವು.

"ಯಾರು ಅವನು?" ಎಂದರು ಇಲಾಖೆಯ ಸಾಹೇಬರು, ಖಾಲಿಯಾದ ರಸ್ತೆಯನ್ನು ನೋಡುತ್ತ. "ನಾವು ಪೊಲೀಸರನ್ನು ತರಿಸಬೇಕೆಂದಿದ್ದೆವು." ಆಮೇಲೆ, ಕಲ್ಲು ತೊಳೆದಾಗ ಬುಡದಲ್ಲಿ ಕಂಡ ಆ ಹಳೆಯ ಪೈಪಿನ ಬಾಯಿಗೆ ಸಿಮೆಂಟು ಹಾಕಿಸುವುದಾದರೆ ಬೀಗದ ಮಾತು ಬೇಡ ಎಂದು ಜೀಪು ಹತ್ತಿದರು.

ಸಂಜೆ ತಿರುಗಿ ಬಂದ ಪ್ರೇಮನಾಥ ನಲ್ಲಿಯಲ್ಲಿ ಕಾಲು ತೊಳೆದ. ನಲ್ಲಿ ನಿಲ್ಲಿಸಿದ. ಆಮೇಲೆ ಶೇಠರ ಮುಂದೆ ನಿಂತು, ಬೆಳಗಿನ ಮೂರು ಕರೆಗೂ ಸೇರಿಸಿ, "ಓ ಶೇಠ್, ಕರೆದದ್ದಾ?" ಎಂದ.

ಕೆಲಸ ತೆಗೆಯಬೇಕೆಂದೇ ಶೇಠ್ ಬೆಳಿಗ್ಗೆ ಕರೆದದ್ದು. ಆದರೆ ಅಷ್ಟು ಹೊತ್ತು ಕಾದು ಕಾದು ಸಿಟ್ಟು ಹಳಸಿತ್ತು. ಅವನನ್ನು ಅಳೆದು ನೋಡಿದರು, ಯಂತ್ರದ ಕಡೆ ನೋಡಿದರು, ಹೊರಗಿನ ಕೋಣೆಯ ಫೋನಿನ ಕಡೆ ನೋಡಿದರು. ಅಲ್ಲಿ ಒಂದು ಕುರ್ಚಿ ಹಾಕಿಸಿದರು.

"ಇನ್ನು ಮೇಲೆ ನೀನು ಇಲ್ಲಿ. ಪರ್ಮನೆಂಟ್. ಫೋನು ಬಂದರೆ ಎತ್ತು. ಎಲ್ಲಿಂದಲೂ ಏಳುವುದೇ ಬೇಡ."

ಡೊಂಬಿವಲಿಯಲ್ಲಿ ಹರಿಣಾಕ್ಷಿ ಅದನ್ನು 'ಫೋನ್ ಆಫೀಸರ್' ಎಂದು ಹೇಳಿದಳು. ದ್ರೌಪದಿಬಾಯಿ ತನ್ನ ಟಿ.ವಿ. ರಿಪೇರಿಯವನಿಗೆ ಕೊಟ್ಟಳು. ಆ ದಸರಾದಂದು ಆ ಮನೆಯಲ್ಲಿ, ಬಾಗಿಲು ಯಾರು ತಟ್ಟಿದರೂ, ಬೇಳೆ ಪೂರ್ತಿ ಬೆಂದಿತು. ಕುಶಲ ಎರಡು ಸಲ ಬಡಿಸಿಕೊಂಡು ತಿಂದು, ಇದು ಅಕ್ಕನ ಅಡಿಗೆಯೇ ಹೌದಾ ಎಂದು ಕೇಳಿ ಬೈಸಿಕೊಂಡ.

ಹಳದಿ ಅವ್ವ ಹೋದದ್ದು ಮಂಗಳವಾರ. ವಸಂತಕುಮಾರ ಹೋದದ್ದು ದೀಪಾವಳಿ ಕಳೆದ ಮೇಲೆ, ಶನಿವಾರ; ಬದಲಾಪುರದ ಕಡೆ ಇನ್ನೊಂದು ಕಾರ್ಖಾನೆಗೆ. ಅವನು ಹಾಸಿಗೆ ಸುರುಳಿ ಹಿಡಿದು ಹೊರಡುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಪ್ರೇಮನಾಥ ಅದರ ಕಡೆ ಅಂಗೈ ತೋರಿಸಿ, ತಡಿ ಎಂದ. ಹಾಸಿಗೆಯ ಒಂದು ತುದಿ ಹಿಡಿದು ಗೇಟಿನವರೆಗೆ ಹೋದ, ಬಸ್ಸು ಬರುವವರೆಗೆ ನಿಂತ, ಹತ್ತಿಸಿದ, ತಿರುವಿನಲ್ಲಿ ಬಸ್ಸು ಮರೆಯಾಗುವವರೆಗೆ ಕೈ ಎತ್ತಿದ. ಬಂದು ಕಾಲು ತೊಳೆದುಕೊಂಡು, ಕುರ್ಚಿಯಲ್ಲಿ ಕೂತು, ಇನ್ನೂ ಬಡಿದುಕೊಳ್ಳುತ್ತಿದ್ದ ಫೋನನ್ನು ಎತ್ತಿ, "ಓ" ಎಂದ.